ಅತ್ತೆಯ ಕೋಣೆಗೊಂದು ಕಂಬಿ

"ಇದು ಎಲ್ಲಿಗೆ ಹೋಗುತ್ತಪ್ಪಾ?" ಟ್ರೆಡ್‌ಮಿಲ್ಲಿನ ಕಪ್ಪು ಪಟ್ಟಿಯನ್ನು ಊರುಗೋಲಿನಿಂದ ಕುಟ್ಟಿ ನೋಡುತ್ತ ನಮ್ಮತ್ತೆ ಕೇಳಿದರು.

ವ್ಯಾಯಾಮದ ಸಾಮಾನಿನ ಅಂಗಡಿಯ ಸೇಲ್ಸ್‌ಮನ್ ನಕ್ಕ. "ಎಲ್ಲಿಗೂ ಹೋಗಲ್ಲ ಅಜ್ಜಿ. ನಿಂತಲ್ಲೇ ನಡೀಬೇಕು."

"ಎಲ್ಲಿಗೂ ಹೋಗದೇ ಇರೋ ಗಾಡಿ ನಾನ್ಯಾಕೆ ಹತ್ಲಿ?"

ನಾನು ಹಣೆ ಚಚ್ಚಿಕೊಂಡೆ. ಇಡೀ ಆಯುಷ್ಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಹೆಂಗಸನ್ನು ಇಂಥ ಅಂಗಡಿಗೆ ಕರೆದುಕೊಂಡು ಬಂದರೆ ಇನ್ನೇನಾಗುತ್ತದೆ? ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ನಮ್ಮ ಬೀದಿಗೆ ಅವರು ಇನ್ನೂ ಕಂಡಕ್ಟರಮ್ಮನೇ. ಮನೆಗೆ ನೆಂಟರು ಬಂದು ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದರೆ "ಒಳಗೆ ನಡೀರಿ, ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ" ಎಂದು ಗದರಿಸುವವರು. ನನ್ನದು ಟೈಲರ್ ಕೆಲಸ, ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ನನ್ನ ಪಕ್ಕ ಕೂತು ರವಿಕೆಗೆ ಹುಕ್ಕು ಹಾಕುತ್ತ ನನ್ನ ಗಿರಾಕಿಗಳಿಗೆ ಚಿಲ್ಲರೆಯ ಮೇಲೆ ಪಾಠ ಹೇಳುವುದು ಅವರ ಈಗಿನ ಉದ್ಯೋಗ. ನಮ್ಮಿಬ್ಬರ ಮಧ್ಯೆ ದಿನಕ್ಕೊಂದು ಜಗಳ ಆಗದಿದ್ದರೆ ತಿಂದದ್ದು ಅರಗುವುದಿಲ್ಲ.

ಜಿಮ್ ಸಾಮಾನು ಹುಡುಕಿಕೊಂಡು ಬರುವ ಗ್ರಹಚಾರ ನಮಗೆ ಯಾಕೆ ಬಂತೆಂದರೆ, ಒಂದು ಬೆಳಿಗ್ಗೆ ನಾನು ದಾರ, ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿದ್ದಾಗ ಅತ್ತೆ ಬಚ್ಚಲಲ್ಲಿ ಜಾರಿ ಕೂತುಬಿಟ್ಟರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಏಳಲು ಆಗಲಿಲ್ಲ. ನನ್ನ ಗಂಡ ಲಾರಿ ಓಡಿಸುವವರು, ಊರಲ್ಲಿರಲಿಲ್ಲ. ಮಧ್ಯಾಹ್ನ ನಾನು ಬಂದು ನೋಡಿದರೆ ಒದ್ದೆ ನೆಲದಲ್ಲಿ ಗೋಡೆಗೆ ಒರಗಿ ಕೂತಿದ್ದಾರೆ, ತುಟಿ ನೀಲಿಯಾಗಿದೆ. "ಬಂದ್ಯಾ? ನಿನ್ನ ಪೇಟೆ ಮುಗೀತಾ?" ಎಂದರು. ಆ ಮಾತಿಗೆ ನಾನು ಬೈಯಬೇಕಿತ್ತು. ಬೈಯಲಿಲ್ಲ, ಅತ್ತುಬಿಟ್ಟೆ.

ಸುದ್ದಿ ಕೇಳಿ ಭಾವ, ಅಂದರೆ ನನ್ನ ಗಂಡನ ಅಣ್ಣ, ಫೋನ್ ಮಾಡಿದರು. ಬೇರೆ ಊರಲ್ಲಿ ದೊಡ್ಡ ಕಚೇರಿಯಲ್ಲಿ ಮೇಲಧಿಕಾರಿ. ಲಿಫ್ಟ್ ಇರುವ ಮನೆ, ದಿನವಿಡೀ ನೋಡಿಕೊಳ್ಳಲು ನರ್ಸ್ ಇಡುತ್ತೇನೆ, ಅಮ್ಮನನ್ನು ಕಳಿಸಿಕೊಡಿ ಎಂದರು. ಅವರು ಕೆಟ್ಟವರಲ್ಲ. ತಾಯಿ ಎಂದರೆ ಜೀವ ಬಿಡುತ್ತಾರೆ. ಆದರೆ ಅತ್ತೆ ಹಿಂದೊಮ್ಮೆ ಅಲ್ಲಿಗೆ ಹೋಗಿ ಇದ್ದು ಬಂದಾಗ ಎಷ್ಟೋ ದಿನ ನನ್ನ ಜೊತೆ ಜಗಳಕ್ಕೇ ಬರಲಿಲ್ಲ. ಏನಾಯಿತು ಎಂದು ಕೇಳಿದರೆ, "ಏನೂ ಆಗಿಲ್ಲ ಕಣೇ. ಅಲ್ಲಿ ನಂಗೆ ಒಂದು ಲೋಟಾನೂ ಎತ್ತೋಕೆ ಬಿಡಲ್ಲ" ಎಂದಿದ್ದರು.

ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಮಗನಿಗೆ ಕಡ್ಡಿ ಮುರಿದಂತೆ ಹೇಳಿದರು. "ನೋಡೋ, ಬಿದ್ರೆ ಒಬ್ಬಳೇ ಏಳ್ತೀನಿ ಅಂತ ತೋರಿಸಿದ್ರೆ ಇಲ್ಲೇ ಇರ್ತೀನಿ. ಆಗದಿದ್ರೆ ತುಟಿ ಪಿಟಕ್ ಅನ್ನದೆ ನಿನ್ನ ಜೊತೆ ಬರ್ತೀನಿ."

"ಯಾರೂ ಮುಟ್ಟಬಾರ್ದಮ್ಮ. ನಾನೇ ಬಂದು ನೋಡ್ತೀನಿ," ಎಂದರು ಭಾವ.

"ಬಾ. ನೋಡು."

ಹೀಗೆ ಒಪ್ಪಂದವಾಯಿತು. ನನ್ನನ್ನು ಒಂದು ಮಾತು ಕೇಳಿದವರಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಈ ಮುದುಕಿ ಹೋಗಿಬಿಟ್ಟರೆ ನನ್ನ ಹೊಲಿಗೆ ಅಂಗಡಿಯಲ್ಲಿ ಮಿಷನ್ನಿನ ಸದ್ದು ಬಿಟ್ಟರೆ ನನಗೆ ಬೇರೆ ಗತಿಯಿಲ್ಲ, ನನಗೆ ಅವರು ಬೇಕು ಎಂದು. ಬಾಯಿಬಿಟ್ಟು ಹೇಳಲಿಲ್ಲ. ಅದರ ಬದಲು ಬಟ್ಟೆಯ ಗಂಟುಗಳೂ ಕೆಟ್ಟ ಮಿಷನ್ನೂ ತುಂಬಿದ್ದ ಹಿಂದಿನ ಕೋಣೆಯನ್ನು ಖಾಲಿ ಮಾಡಿದೆ. ಅಲ್ಲೇ ಒಂದು ಪುಟ್ಟ ಜಿಮ್ ಮಾಡುವುದೆಂದು ನಾನೇ ತೀರ್ಮಾನಿಸಿದೆ.

ವ್ಯಾಯಾಮದ ಸಾಮಾನಿನ ಅಂಗಡಿಯಲ್ಲಿ ನನ್ನ ಕುತ್ತಿಗೆಯ ಅಳತೆ ಟೇಪು ತೆಗೆದು ಒಂದೊಂದು ಯಂತ್ರವನ್ನೂ ಅಳೆದೆ. ಟ್ರೆಡ್‌ಮಿಲ್ ಬಾಗಿಲಿಗೆ ಅಡ್ಡ ಬರುತ್ತಿತ್ತು. ಭಾರ ಎತ್ತುವ ಬೆಂಚು ಇಟ್ಟರೆ ನಾವು ಹೊರಗೆ ನಿಲ್ಲಬೇಕಿತ್ತು. ನಿಂತಲ್ಲೇ ತುಳಿಯುವ ಸೈಕಲ್ ಮಾತ್ರ ಗೋಡೆಗೂ ಕಿಟಕಿಗೂ ನಡುವೆ ಹೇಳಿ ಹೊಲಿಸಿದ ಹಾಗೆ ಕೂರುತ್ತಿತ್ತು. ಸೇಲ್ಸ್‌ಮನ್ ಕೂಡ "ಮಂಡಿಗೆ ಇದರಷ್ಟು ಒಳ್ಳೇದು ಇನ್ನೊಂದಿಲ್ಲ ಮೇಡಂ" ಎಂದ. ಅಳತೆ ಸರಿಹೋದರೆ ಅರ್ಧ ಕೆಲಸ ಮುಗಿದಂತೆ ಎಂಬುದು ನನ್ನ ಕಸುಬಿನ ನಂಬಿಕೆ. ಅದನ್ನೇ ತಂದೆ.

ಅತ್ತೆ ಸೈಕಲ್ ತುಳಿದಿದ್ದೇ ತುಳಿದಿದ್ದು. ಕಿಟಕಿಯಿಂದ ಬೀದಿ ನೋಡುತ್ತ, ಹೋಗಿ ಬರುವವರನ್ನು ಮಾತಾಡಿಸುತ್ತ ಬೆವರು ಸುರಿಸಿದರು. ನನಗೋ ಹೆಮ್ಮೆ. ಆಮೇಲೊಂದು ದಿನ, "ಅತ್ತೆ, ಈಗ ನೆಲದ ಮೇಲೆ ಕೂತು ಏಳಿ ನೋಡೋಣ" ಎಂದೆ. ಕೂತರು. ಕೈ ಊರಿದರು, ಕಾಲು ಮಡಿಸಿದರು, ಮುಖ ಕೆಂಪಗಾಯಿತು. ಏಳಲಿಲ್ಲ. ಬಚ್ಚಲಲ್ಲಿ ಬಿದ್ದ ದಿನ ಹೇಗಿದ್ದರೋ ಹಾಗೇ.

ಕೊನೆಗೆ ನಾನೇ ಕಂಕುಳಿಗೆ ಕೈ ಹಾಕಿ ಎತ್ತಿದೆ. ಇಬ್ಬರೂ ಆ ಸೈಕಲ್ಲನ್ನು ನೋಡಿದೆವು.

"ಚೆನ್ನಾಗಿ ತುಳಿಯೋದು ಕಲಿತೆ. ಬಿದ್ದಾಗ ಸೈಕಲ್ ತುಳ್ಕೊಂಡು ಎದ್ದೇಳ್ತೀನಿ ಬಿಡು," ಎಂದರು ಅತ್ತೆ. ನಗು ಬರಲಿಲ್ಲ, ಅವರಿಗೂ.

ಬಿದ್ದಾಗ ತೋರಿಸಿದ್ದ ಆಸ್ಪತ್ರೆಯಲ್ಲಿ ಅವರಿಗೆ ವ್ಯಾಯಾಮ ಹೇಳಿಕೊಟ್ಟಿದ್ದ ಫಿಸಿಯೋಥೆರಪಿ ಹುಡುಗಿಗೆ ಫೋನ್ ಮಾಡಿದೆ. ಅವಳು ಪಾಪ, ಬಯ್ಯಲಿಲ್ಲ. "ಏಳೋದು ಬೇಕು ಅಂದ್ರೆ ಏಳೋದನ್ನೇ ಅಭ್ಯಾಸ ಮಾಡಿಸಿ ಆಂಟಿ," ಎಂದಳು. ದಪ್ಪ ಚಾಪೆ ಇರಲಿ, ಮಗ್ಗುಲಿಗೆ ಉರುಳಲಿ, ಅಂಬೆಗಾಲಿಗೆ ಬರಲಿ, ಅಲ್ಲಿಂದ ಒಂದು ಮಂಡಿ ಎತ್ತಲಿ. ಕಾಲಿನ ಬಲಕ್ಕೆ ಒಂದು ರಬ್ಬರ್ ಪಟ್ಟಿ, ಆಸರೆಗೆ ಗೋಡೆಯಲ್ಲೊಂದು ಕಂಬಿ. ಇಷ್ಟೇ.

ಸೈಕಲ್ ವಾಪಸು ಹೊತ್ತುಕೊಂಡು ಅದೇ ಅಂಗಡಿಗೆ ಹೋದೆವು. ಸೇಲ್ಸ್‌ಮನ್ ಮುಖ ಹುಳ್ಳಗಾಯಿತು. ಚಾಪೆ ಕೊಟ್ಟ, ಪಟ್ಟಿ ಕೊಟ್ಟ, ಗೋಡೆಗೆ ಅಡ್ಡಲಾಗಿ ಬಡಿಯುವ ಕಂಬಿ ತೋರಿಸಿದ. ಅತ್ತೆ ಮೂಗು ಮುರಿದರು.

"ಅಡ್ಡ ಬೇಡ. ನೆಟ್ಟಗಿರೋದು ಬೇಕು. ನೆಲದಿಂದ ಸೂರಿನ ತನಕ."

"ಅಂಥದ್ದು ನಾವು ಇಡಲ್ಲ ಅಜ್ಜಿ." ಅವನು ಆಚೆ ಈಚೆ ನೋಡಿ ದನಿ ತಗ್ಗಿಸಿದ. "ಅದನ್ನ ಡ್ಯಾನ್ಸ್ ಮಾಡೋರು ಹಾಕಿಸ್ಕೋತಾರೆ."

"ನಾನೂ ಮಾಡ್ತೀನಿ, ನಿಂಗೇನು ಕಷ್ಟ?"

ಕಂಬಿಯನ್ನು ನಮ್ಮ ಬೀದಿಯ ವೆಲ್ಡರ್ ಮಾಡಿಕೊಟ್ಟ. ಕೋಣೆಯ ನಡುವೆ ನಿಲ್ಲಿಸಿ ಬೋಲ್ಟು ಬಿಗಿದು ಹೋದ. ಬಸ್ಸಿನದ್ದೇ ಒಂದು ತುಂಡು ಕತ್ತರಿಸಿ ತಂದಂತಿತ್ತು. ಅತ್ತೆ ಅದನ್ನು ಸವರಿದ ರೀತಿ ನೋಡಿ ನನಗೆ ಸಿಟ್ಟೇ ಬಂತು.

"ಅತ್ತೆ, ನೀವು ಇದನ್ನ ಹಿಡ್ಕೊಂಡು ಎದ್ದುಬಿಡ್ತೀರಿ, ಸರಿ. ಬಚ್ಚಲಲ್ಲಿ ಬಿದ್ರೆ? ಅಡುಗೆಮನೇಲಿ ಬಿದ್ರೆ? ಮನೆ ತುಂಬ ಕಂಬಿ ನೆಡ್ಸೋಕಾಗುತ್ತಾ? ಭಾವ ಒಪ್ತಾರಾ?"

"ಹಿಡ್ಕೊತೀನಿ ಅಂತ ನಿಂಗ್ಯಾರು ಹೇಳಿದ್ದು?" ಅವರು ನನ್ನ ಕಡೆ ತಿರುಗಿದರು. "ಕಂಡಕ್ಟರ್ ಕಂಬಿ ಹಿಡಿಯೋದನ್ನ ನೋಡಿದ್ದೀಯಾ? ಒಂದು ಕೈಲಿ ಟಿಕೆಟ್ಟು, ಇನ್ನೊಂದು ಕೈಲಿ ದುಡ್ಡು. ಹಿಡಿಯೋಕೆ ಕೈ ಎಲ್ಲಿದೆ?"

ಹಾಗೆಂದು ಸೊಂಟದ ಪಕ್ಕವನ್ನೂ ಭುಜವನ್ನೂ ಕಂಬಿಗೆ ಒತ್ತಿ ನಿಂತರು. ಎರಡೂ ಕೈ ಗಾಳಿಯಲ್ಲಿ. ಕಾಲು ಸ್ವಲ್ಪ ಅಗಲ. "ನೂಕು ನನ್ನ," ಎಂದರು. ನೂಕಿದೆ. ಬೀಳಲಿಲ್ಲ. ಇನ್ನಷ್ಟು ಜೋರಾಗಿ ನೂಕಿದೆ, ದಿನಾ ಜಗಳವಾಡುವ ಸೊಸೆಗೆ ಇಂಥ ಅವಕಾಶ ಯಾವಾಗ ಸಿಗುತ್ತದೆ? ಅಲುಗಲಿಲ್ಲ.

"ಬಸ್ಸು ಬ್ರೇಕ್ ಹಾಕ್ಲಿ, ಗುಂಡಿಗೆ ಇಳೀಲಿ, ನಾನು ಹೀಗೇ. ಏಳೋವಾಗ ಮಾತ್ರ ಸೊಂಟ ಈ ವಿದ್ಯೆ ಮರೆತುಬಿಡುತ್ತೆ. ನೆನಪು ಮಾಡಿಸ್ಬೇಕು. ಅದಕ್ಕೆ ಕಂಬಿ. ನೆನಪಾದ್ಮೇಲೆ ಗೋಡೆ ಆದ್ರೂ ಆಯ್ತು, ಬೀರು ಆದ್ರೂ ಆಯ್ತು."

ನಾನು ಚಾಪೆ ಬಿಡಿಸಿ ಹಾಸಿದೆ.

ಅಭ್ಯಾಸ ಶುರುವಾಯಿತು. ಉರುಳುವುದು, ಅಂಬೆಗಾಲಿಡುವುದು, ಕಂಬಿಯ ಪಕ್ಕ ಒಂದು ಮಂಡಿ ಎತ್ತಿ, ಸೊಂಟ ಒತ್ತಿ, ಭುಜ ಉಜ್ಜಿಕೊಂಡು ಇಂಚಿಂಚಾಗಿ ಮೇಲೇಳುವುದು. ಮೊದಮೊದಲು ನರಳಿದರು, ನನ್ನ ತವರಿನವರನ್ನೆಲ್ಲ ಬೈದರು. ಆಮೇಲಾಮೇಲೆ ಏಳತೊಡಗಿದರು. ನಾನು ಹಿಗ್ಗಿ ಹೀರೇಕಾಯಾದೆ. ಆಗಲೇ ಅತ್ತೆ ಒಂದು ಸಂಜೆ ಅರ್ಧಕ್ಕೆ ನಿಲ್ಲಿಸಿ, "ನಿನ್ನ ಬೆರಳು ತೆಗಿ," ಎಂದರು.

ನೋಡಿದರೆ ನನ್ನ ಎರಡು ಬೆರಳು ಅವರ ಮೊಣಕೈ ಕೆಳಗಿವೆ. ನನಗೇ ಗೊತ್ತಿಲ್ಲ! ಮಿಷನ್ನಿನಲ್ಲಿ ಹೊಲಿಯುವಾಗ ಬಟ್ಟೆಯನ್ನು ಎಳೆಯಬಾರದು, ನೂಕಬಾರದು, ಎರಡು ಬೆರಳಿಟ್ಟು ದಾರಿ ತೋರಿಸಿದರೆ ಸಾಕು, ತಾನೇ ಸಾಗುತ್ತದೆ. ಕಲಿಯಲು ಬಂದವರಿಗೆಲ್ಲ ಇದನ್ನೇ ಹೇಳುತ್ತೇನೆ. ಅದೇ ಅಭ್ಯಾಸದಲ್ಲಿ ಅತ್ತೆಯನ್ನೂ ಹೊಲಿಯುತ್ತಿದ್ದೆ.

"ಶುರುವಿಂದ್ಲೂ ಇಡ್ತಾ ಇದ್ದೀಯ. ನೀನೇ ಬಿಡ್ತೀಯ ಅಂತ ಕಾದೆ."

"ಭಾರ ಏನೂ ಹಾಕಿಲ್ಲ ಅತ್ತೆ. ಬರೀ ಬೆರಳು."

"ಆ ಬೆರಳಿದ್ರೆ ನನ್ನ ಮೈ ನಿನ್ನ ಕಾಯುತ್ತೆ. ಅವತ್ತು ಬಚ್ಚಲಲ್ಲಿ ಕಾದ ಹಾಗೆ."

ಬೆರಳು ತೆಗೆದೆ. ಅತ್ತೆ ಏಳಲು ಹೋಗಿ ಧೊಪ್ಪನೆ ಚಾಪೆಯ ಮೇಲೆ ಕೂತರು. ನನ್ನ ಕೈ ಮತ್ತೆ ತಾನಾಗಿ ಮುಂದೆ ಹೋಯಿತು. ಅವರು ರಬ್ಬರ್ ಪಟ್ಟಿ ಎತ್ತಿಕೊಂಡು, "ಬಾ ಇಲ್ಲಿ, ಇದು ಬೇಕಾಗಿರೋದು ನಂಗಲ್ಲ," ಎಂದು ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಸೇರಿಸಿ ಸುತ್ತಿಬಿಟ್ಟರು. ಅಲ್ಲಿಂದ ಮುಂದೆ ದಿನವೂ ಹಾಗೆಯೇ. ಅವರು ಬೀಳುತ್ತಿದ್ದರು, ನಾನು ಕಳ್ಳಿಯ ಹಾಗೆ ಕೈ ಕಟ್ಟಿಸಿಕೊಂಡು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ನೆರೆಮನೆಯವಳು ಕಿಟಕಿಯಲ್ಲಿ ಇಣುಕಿ ಏನೆಂದುಕೊಂಡಳೋ ದೇವರೇ ಬಲ್ಲ. ನೋಡಿಕೊಂಡು ಸುಮ್ಮನಿರುವುದು ಎಂಥ ಹಿಂಸೆ ಎಂದು ನನ್ನನ್ನು ಕೇಳಬೇಕು. ಕಷ್ಟಪಟ್ಟವರು ಅವರು, ಮೈ ನೊಂದದ್ದು ನನ್ನದು.

ಭಾವ ಬರುವ ದಿನ ಬೆಳಿಗ್ಗೆ ಅತ್ತೆ ತಮ್ಮ ಸೂಟ್‌ಕೇಸ್ ಕಟ್ಟಿ ಬಾಗಿಲ ಬಳಿ ಇಟ್ಟರು. "ಇದ್ಯಾಕೆ?" ಎಂದು ರೇಗಿದೆ. "ಸೋತ್ರೆ ಹೋಗ್ತೀನಿ ಅಂದಿದ್ದೀನಲ್ಲ," ಎಂದರು.

ಭಾವ ಬಂದರು. ಕೋಣೆಯ ಬಾಗಿಲಲ್ಲೇ ನಿಂತು ಕಂಬಿ ನೋಡಿ ತಲೆಯಾಡಿಸಿದರು. "ಇಲ್ಲಿ ಬೇಡಮ್ಮ. ಹಾಲ್‌ನಲ್ಲಿ."

"ಎಲ್ಲಾದ್ರೂ ಸರಿ," ಎಂದು ಅತ್ತೆ ಹಾಲಿನ ನಡುವೆ ಹೋಗಿ ಮೆಲ್ಲಗೆ ನೆಲಕ್ಕೆ ಇಳಿದು ಮಲಗಿದರು. ನಾನು ಕುತ್ತಿಗೆಯ ಟೇಪಿನ ಎರಡು ತುದಿಯನ್ನೂ ಎರಡು ಮುಷ್ಟಿಯಲ್ಲಿ ಹಿಡಿದುಕೊಂಡೆ. ಕೈ ಕಟ್ಟುವ ರಬ್ಬರ್ ಪಟ್ಟಿ ಒಳಗಿತ್ತು.

ಅತ್ತೆ ಉರುಳಿದರು. ಅಂಬೆಗಾಲಿಗೆ ಬಂದರು. ಗೋಡೆಯ ತನಕ ಸಾಗಿದರು. ಬಲಮಂಡಿ ಎತ್ತಿದರು. ಅಲ್ಲಿ ನಿಂತುಹೋಯಿತು. ಉಸಿರು ಸಿಳ್ಳೆಯಂತೆ ಬರತೊಡಗಿತು, ತೋಳು ಥರಥರ ನಡುಗಿತು. ಏಳಿ ಅತ್ತೆ, ಏಳಿ ಎಂದು ನಾನು ಮನಸ್ಸಿನಲ್ಲೇ ಚೀರಿದೆ. ಟೇಪು ಬಿಡಲಿಲ್ಲ.

ತಡೆಯಲಾರದೆ ಹೋದವರು ಭಾವ. "ಅಮ್ಮಾ!" ಎಂದು ಹಾರಿಬಂದು ತಾಯಿಯ ತೋಳು ಹಿಡಿದುಬಿಟ್ಟರು.

"ಹೋಲ್ಡಾನ್!"

ಇಡೀ ಬಸ್ಸು ನಿಲ್ಲಿಸುವ ಆ ಕೂಗಿಗೆ ಭಾವ ಬೆಚ್ಚಿ ಕೈ ಬಿಟ್ಟರು.

"ಯಾರೂ ಮುಟ್ಟಬಾರ್ದು ಅಂದವನು ಯಾರು?" ಅತ್ತೆ ಏದುಸಿರಲ್ಲೇ ಕೇಳಿದರು.

"ನನ್ ಕೈಲಿ ನೋಡೋಕಾಗಲ್ಲಮ್ಮ."

"ಇವಳು ನೋಡ್ತಿದ್ದಾಳಲ್ಲ. ದಿನಾ ನೋಡಿದ್ದಾಳೆ." ಹಾಗೆಂದು ಅವರು ಎತ್ತಿದ್ದ ಮಂಡಿ ಇಳಿಸಿ, ಹಾಲಿನ ನಡುವಿಗೆ ಹೋಗಿ ಮತ್ತೆ ಮಲಗಿದರು. "ನೀನು ಮುಟ್ಟಿದೆ, ಅದು ಲೆಕ್ಕಕ್ಕಿಲ್ಲ. ಮೊದಲಿಂದ."

"ಬೇಡಮ್ಮಾ, ಸಾಕು, ನಾನು ಒಪ್ಪಿಕೊಂಡೆ," ಎನ್ನುತ್ತ ಭಾವ ಅವರ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಅತ್ತೆ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಉರುಳಿದರು, ಗೋಡೆಗೆ ಬಂದರು, ಮಂಡಿ ಎತ್ತಿದರು. ಈ ಸಲವೂ ನಿಂತಿತು. ನಿಂತು, ಸೊಂಟ ಗೋಡೆಗೆ ಅಂಟಿತು. ಭುಜ ಸುಣ್ಣ ಉಜ್ಜಿಕೊಂಡು ಒಂದಿಂಚು, ಇನ್ನೊಂದಿಂಚು ಮೇಲೆ ಹೋಯಿತು. ನೆಟ್ಟಗೆ ನಿಂತು ಎರಡೂ ಕೈ ಎತ್ತಿ ತೋರಿಸಿದರು, ಅಂಗೈ ಖಾಲಿ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನೆನಪಿಲ್ಲ.

ಭಾವ ಕಣ್ಣೊರೆಸಿಕೊಂಡು ಏಳಲು ಹೋದರು. ಆಗಲಿಲ್ಲ. ಕುರ್ಚಿಯಲ್ಲೇ ದಿನ ಕಳೆದ ಮೈ. ನೆಲಕ್ಕೆ ಕೈ ಊರಿ ಇನ್ನೊಮ್ಮೆ ಅರ್ಧ ಎದ್ದರು, ಮತ್ತೆ ಕೂತರು. ನಾಚಿಕೆಯಿಂದ ನಗುತ್ತ ನನ್ನ ಕಡೆ ಕೈ ಚಾಚಿದರು. ನಾನು ಟೇಪು ಬಿಟ್ಟು ಎರಡು ಹೆಜ್ಜೆ ಮುಂದೆ ಹೋದೆ. ಅತ್ತೆ ನನ್ನ ಮುಖ ನೋಡಿದರು. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ಮಗ್ಗುಲಿಗೆ ಉರುಳು ಮಗಾ," ಎಂದರು ಅತ್ತೆ. ಆ ದನಿಯಲ್ಲಿ ಗದರಿಕೆ ಇರಲಿಲ್ಲ. "ಅವಸರ ಇಲ್ಲ. ಹಾಂ. ಈಗ ಅಂಬೆಗಾಲು."

ಭಾವ ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ ಅಂಬೆಗಾಲಿಟ್ಟು ಗೋಡೆಗೆ ಬಂದರು. ಬೆವರಿ, ಉಸಿರುಗಟ್ಟಿ, ಎರಡು ಸಲ ಜಾರಿ ಕೊನೆಗೆ ಎದ್ದು ನಿಂತರು. ತಾಯಿ ಮಗ ಒಂದೇ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದರು.

"ನಂಗೂ ಆಗಲ್ಲ ಅಂತ ಗೊತ್ತೇ ಇರ್ಲಿಲ್ಲಮ್ಮ," ಎಂದರು ಭಾವ.

"ನೆಲಕ್ಕೆ ಕೂತ್ರೆ ತಾನೆ ಗೊತ್ತಾಗೋದು," ಎಂದು ಅತ್ತೆ ಮಗನ ಬೆನ್ನಿಗಂಟಿದ್ದ ಸುಣ್ಣ ಕೊಡವಿದರು.

ಭಾವ ಬಾಗಿಲ ಬಳಿಯ ಸೂಟ್‌ಕೇಸ್ ತಾವೇ ಎತ್ತಿಕೊಂಡು ಒಳಗಿಟ್ಟು ಬಂದರು. ಬರುತ್ತ ಹಿಂದಿನ ಕೋಣೆಯ ಹೊಸ್ತಿಲಲ್ಲಿ ನಿಂತು, ಚಾಪೆಯನ್ನೂ ಪಟ್ಟಿಯನ್ನೂ ನಡುವೆ ನೆಟ್ಟಗೆ ನಿಂತ ಕಂಬಿಯನ್ನೂ ನೋಡತೊಡಗಿದರು. ಒಳಗೆ ಹೋಗಲೋ ಬೇಡವೋ ಎಂಬಂತಿತ್ತು ಅವರ ನಿಲುವು.

"ಒಳಗೆ ನಡಿ, ಒಳಗೆ ನಡಿ," ಎಂದರು ನಮ್ಮತ್ತೆ ಹಿಂದಿನಿಂದ, "ಬಾಗಿಲಲ್ಲಿ ನಿಲ್ಬೇಡ."