ಒಂದೇ ಫೈಲು ಸಾಕು ಎಂದವನು

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನನ್ನ ಪ್ರೋಗ್ರಾಂ ಅಕ್ಕನ ಕಚೇರಿಯ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ.

ಅಕ್ಕ ನೀರು ಪರೀಕ್ಷೆಯ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಅಂದು ನಲವತ್ತೆರಡು ಬಾಟಲಿ ನೀರು ಹನ್ನೊಂದರ ವ್ಯಾನಿನಲ್ಲಿ ದೊಡ್ಡ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಚೀಟಿ ಅಂಟಿಸದ ಬಾಟಲಿಯನ್ನು ಅಲ್ಲಿ ಮುಟ್ಟುವುದಿಲ್ಲ. ವ್ಯಾನ್ ತಪ್ಪಿದರೆ ಅಕ್ಕ ಮತ್ತೆ ನಲವತ್ತೆರಡು ನಲ್ಲಿಗಳನ್ನು ಸುತ್ತಬೇಕು. ಹಿಂದಿನ ಸಂಜೆ ಎಂದಿನಂತೆ ಚೀಟಿ ಬರೆಯಲು ಕೂತವಳನ್ನು ತಡೆದದ್ದು ನಾನು.

"ಬಿಡಕ್ಕ, ಚೀಟಿ ಪ್ರಿಂಟ್ ಮಾಡೋ ಪ್ರೋಗ್ರಾಂ ಮಾಡಿದೀನಿ. ಒಂದೇ ಫೈಲು. ಎಲ್ಲಿಟ್ರೂ ಓಡುತ್ತೆ."

ಓಡಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ. ಅದರಲ್ಲಿರುವುದೂ ವಿಂಡೋಸೇ. ಅದರೊಳಗೆ, ಎಲ್ಲವನ್ನೂ ಆದೇಶ ಟೈಪ್ ಮಾಡಿಯೇ ನಡೆಸುವ ಯುನಿಕ್ಸ್‌ನಂಥದ್ದೊಂದು ಕಪ್ಪು ಪರದೆ ಕಟ್ಟಿಕೊಂಡು, ಮೌಸ್ ಮುಟ್ಟದೆ, ಮುಟ್ಟುವವರನ್ನು ಕಂಡು ಮರುಗುತ್ತ ಬದುಕುವವನು ನಾನು. ಪ್ರೋಗ್ರಾಂ ಕಂಪೈಲ್ ಮಾಡಿ ಓಡುವ ಫೈಲಾಗಿಸಿದ್ದು ಅಲ್ಲೇ, ಪರೀಕ್ಷಿಸಿದ್ದೂ ಅಲ್ಲೇ. ಅದಕ್ಕೆ ಬೇಕಾದ ಜೊತೆ ಫೈಲುಗಳು ಅಲ್ಲಿ ಮೊದಲೇ ಇದ್ದವು. ಅಕ್ಕನ ಕಂಪ್ಯೂಟರಿನಲ್ಲಿ ಇರಲಿಲ್ಲ. ಡಿಎಲ್‌ಎಲ್ ಎನ್ನುವ ಆ ಜೊತೆ ಫೈಲುಗಳಲ್ಲಿ ಇಂಥದ್ದು ಸಿಗುತ್ತಿಲ್ಲ ಎಂದು ಅದು ಹೆಸರು ಹಿಡಿದು ಹೇಳಿತು.

ಆ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ. ಸ್ಕೂಟರಿನಲ್ಲಿ ಮನೆಗೆ ಹೋಗಿ, ಕೇಳಿದ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಒಂಬತ್ತೂ ಐವತ್ತಕ್ಕೆ ಬಂದೆ. ಅದು ಎರಡನೆಯದನ್ನು ಕೇಳಿತು. ಮತ್ತೆ ಹೋದೆ. ಆಗಲೂ ಲ್ಯಾಪ್‌ಟಾಪ್ ತರಲಿಲ್ಲ. ಒಂದೇ ಫೈಲು ಎಂದು ಸಾರಿದವನು ಮೂಟೆ ಹೊತ್ತು ಬಂದರೆ ಮಾನ ಉಳಿದೀತೆ? ಹತ್ತೂವರೆಗೆ ಅದು ಮೂರನೆಯದನ್ನು ಕೇಳಿತು.

ವ್ಯಾನಿನ ಡ್ರೈವರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಸಾರ್, ಇದರ ಕಡೆ ನೆಂಟರು ಇನ್ನೆಷ್ಟು ಜನ ಬರೋದಿದೆ?"

"ಅಕ್ಕ, ಇನ್ನೊಂದೇ ಒಂದು..."

"ನಿನ್ನ ಒಂದು ಕೇಳಿ ಕೇಳಿ ಸಾಕಾಯ್ತು ಕಣೋ. ಮನೇಲಿ ಹುಲಿ, ಬೀದೀಲಿ ಇಲಿ. ಸ್ಕೂಟರ್ ಕೀ ಇಲ್ಲಿಡು, ಪೆನ್ನು ಹಿಡಿ."

ಮೂವರೂ ಬರೆಯಲು ಕೂತೆವು. ನಾನು ಬರೆದ ಆರು ಚೀಟಿಗಳನ್ನು ಅಕ್ಕ ಓದಲಾಗದೆ ಹರಿದುಹಾಕಿದಳು. ಡ್ರೈವರ್‌ನ ಅಕ್ಷರ ಮುತ್ತಿನಂತಿತ್ತು. ನನಗೆ ಅಂಟಿಸುವ ಕೆಲಸ ಸಿಕ್ಕಿತು. ಅದರಲ್ಲೂ ಎರಡು ತಲೆಕೆಳಗಾದವು. ಹನ್ನೊಂದೂ ಹದಿನಾಲ್ಕಕ್ಕೆ ವ್ಯಾನ್ ಹೊರಟಿತು.

ಮನೆಗೆ ಬಂದು, ಜೊತೆ ಫೈಲುಗಳನ್ನೆಲ್ಲ ಒಳಗೇ ಸೇರಿಸಿಕೋ ಎನ್ನುವ ಒಂದು ಪದವನ್ನು ಆದೇಶಕ್ಕೆ ಹಾಕಿ ಮತ್ತೆ ಕಂಪೈಲ್ ಮಾಡಿದೆ. ನಾಲ್ಕು ಸೆಕೆಂಡು ಹಿಡಿಯಿತು.

ಮುಂದಿನ ವಾರ ಆ ಪ್ರೋಗ್ರಾಂ ನಲವತ್ತೆರಡು ಚೀಟಿಗಳನ್ನು ತಪ್ಪಿಲ್ಲದೆ ಮುದ್ರಿಸಿತು. ಅಷ್ಟರಲ್ಲಿ ಅಕ್ಕ, ಹಿಂದಿನ ಸಂಜೆಯೇ ಬರೆದಿಟ್ಟಿದ್ದ ಚೀಟಿಗಳನ್ನು ಬಾಟಲಿಗಳಿಗೆ ಅಂಟಿಸಿ ಮುಗಿಸಿದ್ದಳು.