ಬೋರಲೂರಿನ ಆಕಾಶ

ಮುಚ್ಚಳ ಎತ್ತಿ ಹಿಡಿದಿದ್ದ ಇಬ್ಬರೂ ಹಾಗೇ ನಿಂತುಬಿಟ್ಟರು. ಗುಬ್ಬಿ ಎರಡೂ ಕೈಗಳಿಂದ ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡಿದ್ದಳು. ಬೆರಳು ಸಿಕ್ಕಿಕೊಂಡೀತು ಎಂದು ಅವರಲ್ಲೊಬ್ಬ ಮೆಲ್ಲಗೆ ಹೇಳಿದರೂ ಅವಳು ಕೈ ತೆಗೆಯಲಿಲ್ಲ.

“ಅಜ್ಜೀನ ಬೋರಲು ಮಲಗಿಸ್ಬೇಕು,” ಎಂದಳು.

ಕೋಣೆ ಸಣ್ಣದು. ಮಂಚವನ್ನು ಹೊರಗೆ ಹಾಕಿ, ಅದರ ಜಾಗದಲ್ಲಿ ಪೆಟ್ಟಿಗೆ ಇಟ್ಟಿದ್ದರು. ಗೋಡೆಗೆ ಆತು ನಿಂತಿದ್ದ ನಾಲ್ಕೈದು ಜನ ಮುಖ ಮುಖ ನೋಡಿಕೊಂಡರು. ಸತ್ತವಳ ತಮ್ಮ, ಮನೆಯವರು ಮಾವ ಎಂದು ಕರೆಯುವ ಮುದುಕ, ಹುಡುಗಿ ಸಾವನ್ನು ಇದೇ ಮೊದಲು ನೋಡುತ್ತಿದೆ, ಬೆದರಿದೆ ಎಂದು ಎಲ್ಲರಿಗೂ ಸಮಜಾಯಿಷಿ ಕೊಟ್ಟ.

ಗುಬ್ಬಿ ಬೆದರಿರಲಿಲ್ಲ. ಯಾಕೆ ಎಂದು ಯಾರೂ ಕೇಳದ್ದರಿಂದ ತಾನೇ ವಿವರಿಸಿದಳು. ಬೋರಲೂರಿನಲ್ಲಿ ಎಲ್ಲವೂ ಉಲ್ಟಾ. ಅಲ್ಲಿಯ ನೆಲ ಮೇಲಿದೆ, ಆಕಾಶ ಕೆಳಗಿದೆ. ಹೀಗೆ ಅಂಗಾತ ಕಳಿಸಿದರೆ ಅಜ್ಜಿಯ ಮುಖ ಅಲ್ಲಿಯ ನೆಲದ ಕಡೆಗಿರುತ್ತದೆ, ಅವಳಿಗೆ ಏನೂ ಕಾಣುವುದಿಲ್ಲ.

“ಇವಳಿಗೂ ಹೇಳಿದ್ದಾಳೆ ನೋಡು,” ಎಂದಳು ಬಾಗಿಲಲ್ಲಿದ್ದ ಗೋಂದಕ್ಕ. ಪ್ರೆಸ್ಸಿನ ಬೈಂಡಿಂಗ್ ಕೋಣೆಯಲ್ಲಿ ಸತ್ತವಳ ಪಕ್ಕದಲ್ಲೇ ಕೂತು ಆಯಸ್ಸು ಕಳೆದವಳು ಅವಳು. ಆ ಹೆಸರಿಗೆ ತಕ್ಕಂತೆ ಉಗುರುಗಳ ಸಂದಿಯಲ್ಲಿ ಒಣಗಿದ ಗೋಂದು ಈಗಲೂ ಇತ್ತು.

ಪೆಟ್ಟಿಗೆಯ ಕಾಲ ದೆಸೆಯಲ್ಲಿ ನಿಂತಿದ್ದ ಮಗಳು, ಗುಬ್ಬಿಯ ತಾಯಿ, ಸತ್ತವಳ ಮುಖವನ್ನು ದಿಟ್ಟಿಸಿದಳು. ಬೆಳಗಿನಿಂದ ಅತ್ತು ಕೆಂಪಾಗಿದ್ದ ಅವಳ ಕಣ್ಣು ಆಗ ಒಣಗಿತು. ಈ ಮನೆಯಲ್ಲಿ ಅವಳು ತನ್ನ ತಾಯಿಗೆ ಹಾಕಿದ್ದ ನಿಬಂಧನೆ ಒಂದೇ ಒಂದು. ಮಗುವಿಗೆ ಬೋರಲೂರಿನ ಕತೆ ಹೇಳಕೂಡದು.

*

ಅಚ್ಚಾಗಿ ಬಂದ ದೊಡ್ಡ ಹಾಳೆಗೆ ಬೈಂಡಿಂಗಿನವರು ಫಾರಂ ಎನ್ನುತ್ತಾರೆ. ಮಡಿಸಿದಾಗ ಪುಟಗಳು ಸರಿಯಾಗಿ ಕೂರಲಿ ಎಂದು ಒಂದು ಸಾಲನ್ನು ನೇರವಾಗಿಯೂ ಅದರ ಕೆಳಗಿನ ಸಾಲನ್ನು ತಲೆಕೆಳಗಾಗಿಯೂ ಅಚ್ಚು ಹಾಕಿರುತ್ತಾರೆ. ಮಕ್ಕಳ ಪುಸ್ತಕಗಳ ಫಾರಂನಲ್ಲಿ ಬಣ್ಣ ಕದಡಿ ಹಾಳಾದದ್ದನ್ನೆಲ್ಲ ಗುಬ್ಬಿಯ ಅಜ್ಜಿ ಹರೆಯದಲ್ಲಿ ಸುರುಳಿ ಸುತ್ತಿ ಮನೆಗೆ ತರುತ್ತಿದ್ದಳು. ನೆಲದ ಮೇಲೆ ಹಾಸಿದರೆ ಮೇಲಿನ ಸಾಲಿನಲ್ಲಿ ರಾಜಕುಮಾರಿ ಕುದುರೆ ಹತ್ತಿ ಹೊರಟಿರುತ್ತಿದ್ದಳು. ಕೆಳಗಿನದರಲ್ಲಿ ಕೋಟೆಯೊಂದು ಗೋಪುರವನ್ನು ಕೆಳಗೆ ಮಾಡಿ ಬಾವಲಿಯ ಹಾಗೆ ಜೋತುಬಿದ್ದಿರುತ್ತಿತ್ತು. ಪುಟಗಳು ಹಿಂದುಮುಂದಾಗಿ ಇದ್ದುದರಿಂದ ನಿಜವಾದ ಕತೆ ಏನೆಂದು ಅವಳಿಗೆ ಎಂದೂ ತಿಳಿಯಲಿಲ್ಲ. ತಾನೇ ಒಂದು ಕಟ್ಟಿದಳು. ಹೊಳೆ ನೆತ್ತಿಯ ಮೇಲೆ ಹರಿಯುವ, ಕೊಡೆಯನ್ನು ಪಾದಕ್ಕೆ ಹಿಡಿಯುವ ಊರು.

ಮಗಳಿಗೆ ಆರು ವರ್ಷವಾಗಿದ್ದಾಗ ಅಪ್ಪ ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಹೂಳುವ ದಿನ ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಸಂಜೆ ತಾಯಿ ಬಂದು, ಮಣ್ಣಾದ ಕೈ ತೊಳೆದು, ಫಾರಂ ಹಾಸಿದಳು. ಎರಡು ಸಾಲುಗಳು ಕೂಡುವ ಕಡೆ, ಪಾದಕ್ಕೆ ಪಾದ ತಾಗುವಲ್ಲಿ ಬೆರಳಿಟ್ಟಳು.

“ಅಪ್ಪ ಇಲ್ಲಿದ್ದಾನೆ. ನೀನು ನಿಂತ ಕಡೆ ಅವನೂ ನಿಂತಿರ್ತಾನೆ.”

“ಯಾವಾಗ ಬರ್ತಾನೆ?”

ತಾಯಿ ಸಾಲುಗಳು ಕೂಡುವ ಗೆರೆಯುದ್ದಕ್ಕೂ ಬೆರಳು ಎಳೆದಳು. “ಮಡಿಸಿದಾಗ,” ಎಂದಳು.

ಮಗಳು ಮಡಿಸತೊಡಗಿದಳು. ಶಾಲೆ ಮುಗಿದೊಡನೆ ಬೈಂಡಿಂಗ್ ಕೋಣೆಗೆ ಓಡಿಬಂದು ಕೈಗೆ ಸಿಕ್ಕ ರದ್ದಿ ಫಾರಂಗಳನ್ನೆಲ್ಲ ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು. ಸಂಬಳವಿಲ್ಲದ ಆಳು ಸಿಕ್ಕಿತು ಎಂದು ಅಲ್ಲಿಯವರು ತಮಾಷೆ ಮಾಡುತ್ತಿದ್ದರು. ಕಾಗದದ ಅಂಚು ಕೊಯ್ದು ಅವಳ ಬೆರಳತುದಿಗಳಲ್ಲಿ ಸದಾ ಗೀರು. ವರ್ಷಗಳು ಹೀಗೇ ಹೋದವು. ಒಂದು ಸೆಕೆಯ ದಿನ ಗೋಂದಕ್ಕ ಬೆವರು ಒರೆಸಿಕೊಳ್ಳುತ್ತ, ಇಂಥದೇ ಬಿಸಿಲಲ್ಲಿ ನಿಮ್ಮಪ್ಪನ್ನ ಹೂತದ್ದು, ಗುಂಡಿಯ ಮಣ್ಣು ಕಲ್ಲಾಗಿತ್ತು ಎಂದಳು. ಹುಡುಗಿಗೆ ಗೊತ್ತಿದೆ ಎಂದೇ ಅವಳು ತಿಳಿದಿದ್ದಳು.

ಮನೆಗೆ ಬಂದು ಕೇಳಿದಾಗ ತಾಯಿ ತಲೆ ಎತ್ತಲಿಲ್ಲ. ಅನ್ನ ಆರ್ತಾ ಇದೆ, ಉಣ್ಣು ಎಂದಳು. ಆಮೇಲೂ ಆ ಮಾತು ಅವರಿಬ್ಬರ ನಡುವೆ ಬರಲಿಲ್ಲ.

*

“ಮಗು ಕಣಮ್ಮ,” ಎಂದ ಮಾವ. “ಹೂಂ ಅಂದ್ಬಿಡು. ದೊಡ್ಡವಳಾದ್ಮೇಲೆ ತಾನೇ ತಿಳ್ಕೊಳ್ತಾಳೆ.”

“ನನ್ನ ವಿಷಯದಲ್ಲೂ ಹಾಗೇ ಅಂದ್ಕೊಂಡ್ರಿ, ಮಾವ.”

ಮುಚ್ಚಳ ಹಿಡಿದವರ ಕೈ ಸೋತಿತ್ತು. ಅದನ್ನು ಗೋಡೆಗೆ ಒರಗಿಸಿ, ತಿರುಗಿಸೋದೋ ಬೇಡವೋ ಬೇಗ ಹೇಳಿ, ಗಾಡಿ ಕಾಯ್ತಿದೆ ಎಂದರು. ತಿರುಗಿಸಿದರೆ ಯಾರ ಗಂಟು ಹೋಗುತ್ತದೆ ಎಂದಳು ಗೋಂದಕ್ಕ. ಬದುಕಿದ್ದಾಗಲೂ ಅವಳು ಬೋರಲೇ ಮಲಗುತ್ತಿದ್ದಳು, ಗೊರಕೆ ಕಡಿಮೆಯಾಗುತ್ತದೆ ಅಂತ. ಯಾರೋ ಮೂಗಿನಲ್ಲೇ ನಕ್ಕರು. ಒಬ್ಬ ಬಗ್ಗಿ ಸತ್ತವಳ ಹೆಗಲಿಗೆ ಕೈ ಹಾಕಿಯೂ ಬಿಟ್ಟ. ಗುಬ್ಬಿಯ ಮುಖ ಅರಳಿತು.

ಮಗಳಿಗೆ ಆ ಮುಖ ಗೊತ್ತಿತ್ತು.

“ಬೇಡ, ಬಿಡಿ,” ಎಂದು ಅವಳು ಗುಬ್ಬಿಯ ಎದುರು ಮೊಣಕಾಲೂರಿದಳು. “ಬೋರಲೂರು ಇಲ್ಲ, ಗುಬ್ಬಿ.”

“ಅಜ್ಜಿ ಹೇಳಿದ್ಲು.”

“ಅಜ್ಜಿ ಕಟ್ಟಿದ ಕತೆ ಅದು. ಕೆಳಗೆ ಬರೀ ಮಣ್ಣು. ಅಜ್ಜಿ ಸತ್ತಿದ್ದಾಳೆ. ಹೇಗೆ ಮಲಗಿಸಿದ್ರೂ ಅವಳಿಗೆ ಕಾಣಲ್ಲ.”

“ಮತ್ತೆ ಬರಲ್ವಾ?”

“ಬರಲ್ಲ.”

“ತಾತ?”

“ತಾತನೂ ಬರಲ್ಲ.”

ಗುಬ್ಬಿ ಅಜ್ಜಿಯನ್ನು ನೋಡಿದಳು, ಹೆಗಲಿಗೆ ಕೈ ಹಾಕಿದ್ದವನನ್ನು ನೋಡಿದಳು. ಆಮೇಲೆ ಅಂಚು ಬಿಟ್ಟು ಹಿಂದೆ ಸರಿದಳು. ಮುಚ್ಚಳ ಕೂತಿತು. ಗೋಂದಕ್ಕ ಅತ್ತ ತಿರುಗಿ, ಕಲ್ಲು ಮನಸ್ಸು ಎಂದದ್ದು ಎಲ್ಲರಿಗೂ ಕೇಳಿಸಿತು.

ಹೂತು ಬರುವಾಗ ಗಾಡಿಯಲ್ಲಿ ಗುಬ್ಬಿ ಒಂದೊಂದಾಗಿ ಕೇಳಿದಳು. ಒಳಗೆ ಕಣ್ಣು ಏನಾಗುತ್ತದೆ? ಕೂದಲು? ಪೆಟ್ಟಿಗೆ? ಮಗಳು ಯಾವುದನ್ನೂ ಮುಚ್ಚಿಡಲಿಲ್ಲ. ಸಾಕು ಮಾಡಮ್ಮ ಎಂದು ಮಾವ ಕಿಟಕಿಯ ಕಡೆ ಮುಖ ಮಾಡಿಕೊಂಡ.

“ನೀನೂ ಸಾಯ್ತೀಯಾ?”

“ಹೂಂ.”

“ಯಾವಾಗ?”

“ಗೊತ್ತಿಲ್ಲ.”

ಗುಬ್ಬಿ ಅಳಲಿಲ್ಲ. ತಲೆದೂಗಿದಳು, ಲೆಕ್ಕ ಅರ್ಥವಾದವಳ ಹಾಗೆ. ತಾನು ತಪ್ಪು ಮಾಡಲಿಲ್ಲ ಎಂದು ಮಗಳಿಗೆ ಅನ್ನಿಸಿತು.

ಬಂದವರು ಹೋದ ಮೇಲೆ ಮಂಚ ಇನ್ನೂ ಹೊರಗೇ ಇತ್ತು. ಎತ್ತಿ ತರುವ ತ್ರಾಣವಿಲ್ಲದೆ ಅವಳು ಬರಿ ನೆಲದ ಮೇಲೆ ಮಗ್ಗುಲಾಗಿ ಕಣ್ಣು ಮುಚ್ಚಿದಳು. ಕಿಟಕಿಯ ಬಿಸಿಲು ರೆಪ್ಪೆಯ ಮೇಲೆ ಕೆಂಪಗೆ ಬಿದ್ದಿತ್ತು. ನಿದ್ದೆ ಹತ್ತಲಿಲ್ಲ. ಸಣ್ಣ ಹೆಜ್ಜೆಗಳು ಬಂದು ತಲೆಯ ಬಳಿ ನಿಂತವು, ಬಟ್ಟೆ ಸರಪರ ಎಂದಿತು. ಮೇಲ್ದುಟಿಗೆ ಏನೋ ತಾಗಿತು. ಏನೆಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಮೂಗಿನ ಹೊಳ್ಳೆಯ ಕೆಳಗೆ ಪುಟ್ಟ ಬೆರಳೊಂದು ಅಡ್ಡವಾಗಿ ನಿಂತಿತ್ತು.

ಅವಳು ಕಣ್ಣು ತೆರೆಯಲಿಲ್ಲ. ಬೆರಳಿಗೆ ತಾಗುವಂತೆ ಉದ್ದಕ್ಕೆ ಉಸಿರು ಬಿಟ್ಟಳು.

ಬೆರಳು ಹೋಗಲಿಲ್ಲ. ಮುಂದಿನದಕ್ಕೆ ಕಾಯುತ್ತಿತ್ತು.