ವೈಷ್ಣವಿಯ ಎಡ ಮಂಡಿ

ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಮಕ್ಕಳ ಮೇಲೆ ಕೂಗಾಡುವ ಅಪ್ಪಂದಿರನ್ನು ಕಂಡರೆ ಡಾಕ್ಟರ್ ಊರ್ಮಿಳಾಗೆ ಮೈಯೆಲ್ಲ ಉರಿಯುತ್ತಿತ್ತು. ತಾವು ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿದವರಲ್ಲ, ಮಗಳು ಮಾತ್ರ ಚಿಗರೆಯಾಗಬೇಕು! ಸ್ಯಾನ್ ಡಿಯಾಗೊದಲ್ಲಿ ಬಹಳ ವರ್ಷಗಳಿಂದ ಮಂಡಿ, ಭುಜಗಳ ಆಪರೇಷನ್ ಮಾಡುತ್ತಿದ್ದ ಅವಳು, ತನ್ನ ಟೇಬಲ್ಲಿಗೆ ಬರುವ ಎಳೇ ಮಂಡಿಗಳಲ್ಲಿ ಅರ್ಧದಷ್ಟು ಹರಿಯುವುದು ಆಟದಿಂದಲ್ಲ, ಅಪ್ಪಂದಿರಿಂದ ಎಂದೇ ನಂಬಿದ್ದಳು.

ಶಿವರುದ್ರಪ್ಪ ಆ ಹಿಂಡಿನಲ್ಲಿ ಪಟ್ಟದ ಆನೆ. ಗದಗಿನ ಕಡೆಯವನು, ಲಾಸ್ ಏಂಜಲೀಸಿನ ಸ್ಯಾನ್ ಪೀಡ್ರೊ ಬಂದರಿನಲ್ಲಿ ಕಂಟೇನರ್ ಸಾಗಣೆಯ ಮ್ಯಾನೇಜರ್. ಹನ್ನೊಂದನೇ ಕ್ಲಾಸಿನ ಮಗಳು ವೈಷ್ಣವಿಯನ್ನು ಕೂರಿಸಿಕೊಂಡು, ಆ ಊರಿನ ಅಷ್ಟೂ ಡಾಕ್ಟರುಗಳನ್ನು ಬಿಟ್ಟು ಇಲ್ಲಿಗೆ ಡ್ರೈವ್ ಮಾಡಿಕೊಂಡು ಬಂದಿದ್ದ. "ನಮ್ಮವರು ಅಂದ್ರ ನಮ್ಮವರರೀ ಮೇಡಂ," ಎಂದು ಹಲ್ಲು ಕಿರಿದಿದ್ದ. ನಮ್ಮವರು ಎಂದರೆ ಹೇಳಿದಂತೆ ಕೇಳುವವರು ಎಂಬ ಅರ್ಥ ಅವಳಿಗೆ ಆಮೇಲೆ ತಿಳಿಯಿತು.

ಚಾಟ್ಸ್‌ವರ್ತ್‌ನಲ್ಲಿ ನಡೆದ ಫುಟ್‌ಬಾಲ್ ಮ್ಯಾಚಿನಲ್ಲಿ ಯಾರೂ ಡಿಕ್ಕಿ ಹೊಡೆಯದೆಯೇ ಹುಡುಗಿ ಬಿದ್ದಿದ್ದಳು. ಓಡುತ್ತಿದ್ದವಳು ಗಕ್ಕನೆ ತಿರುಗಿದಾಗ ಮಂಡಿಯೊಳಗೆ 'ಟಪ್' ಎಂದಿತ್ತು. ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಓರೆಯಾಗಿ ಬಿಗಿದಿಡುವ, ಕಿರುಬೆರಳಿನಷ್ಟು ದಪ್ಪದ ಎಸಿಎಲ್ ಎಂಬ ಪಟ್ಟಿ ಹರಿದಿತ್ತು. ಅಷ್ಟಕ್ಕೇ ನಿಲ್ಲಬಹುದಿತ್ತು. "ಏಳು, ಏನೂ ಆಗಿಲ್ಲ, ಏಳು!" ಎಂದು ಅಪ್ಪ ಅಂಚಿನಿಂದ ಕೂಗಿದ. ಅವಳು ಎದ್ದು ಮತ್ತೆ ಓಡಿದಳು, ಸಡಿಲ ಮಂಡಿ ಮತ್ತೆ ಜಾರಿತು. ಈ ಸಲ ಮೂಳೆಗಳ ನಡುವಿನ ಮೆತ್ತೆಯೂ ಸೀಳಿತು. ಇದನ್ನೆಲ್ಲ ಶಿವರುದ್ರಪ್ಪ ಮಗಳ ಧೈರ್ಯಕ್ಕೆ ಸಾಕ್ಷಿಯೆಂಬಂತೆ ಹೇಳಿದ. ಊರ್ಮಿಳಾ ಕೈ ತೊಳೆಯುವ ನೆಪದಲ್ಲಿ ಅವನಿಗೆ ಬೆನ್ನು ಹಾಕಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಮಂಡಿಚಿಪ್ಪಿನ ಕೆಳಗಿನ ಗಟ್ಟಿ ನಾರಿನಿಂದ ಒಂದು ಪಟ್ಟಿ ತೆಗೆದು, ಎರಡೂ ಮೂಳೆಗಳಲ್ಲಿ ಸುರಂಗ ಕೊರೆದು, ಹಳೆಯದರ ಜಾಗದಲ್ಲಿ ಕೂರಿಸಿದಳು. ಸೀಳಿದ ಮೆತ್ತೆಗೆ ಹೊಲಿಗೆ ಹಾಕಿದಳು.

"ಹೊಸ ಪಟ್ಟೀನ ಮೈ ತನ್ನದು ಮಾಡ್ಕೊಳ್ಳೋಕೆ ಟೈಮ್ ಬೇಕು. ನೋವು ಹೋಯ್ತು ಅಂದ್ರೆ ಗಟ್ಟಿಯಾಯ್ತು ಅಂತಲ್ಲ. ಒಂಬತ್ತು ತಿಂಗಳು ಮೈದಾನದ ಮಾತೇ ಬೇಡ," ಎಂದಳು.

ಐದನೇ ತಿಂಗಳಿಗೇ ಫೋನ್ ಬಂತು. "ಮೇಡಂ, ಕಾಲೇಜಿನ ಕೋಚುಗಳು ತಮ್ಮ ಟೀಮಿಗೆ ಹುಡುಗ್ಯಾರನ್ನ ಆರಿಸಾಕ ಬರಾಕತ್ತಾರ್ರೀ. ಹುಡುಗಿ ಆರಾಮ ಓಡಾಡ್ತಾಳ. ನೀವು ಹೂಂ ಅಂದ್ರ ಆತು."

"ಆಗಲ್ಲ."

"ಎಲ್.ಎ.ದಾಗ ಒಬ್ಬ ಡಾಕ್ಟರು ಆಡಬಹುದು ಅಂದಾರ್ರೀ."

"ಹಾಗಾದ್ರೆ ಮುಂದಿನ ಆಪರೇಷನ್ನೂ ಅವರ ಹತ್ರಾನೇ ಮಾಡಿಸಿ," ಎಂದು ಫೋನಿಟ್ಟಳು. ಇಂಥವನಿಗೆ ದೇವರು ಮಗಳನ್ನೇಕೆ ಕೊಟ್ಟ, ಒಂದು ರೇಸಿನ ಕುದುರೆ ಸಾಕಿತ್ತು ಎಂದುಕೊಂಡಳು.

ಆ ವಾರವೇ ವೈಷ್ಣವಿ ಒಬ್ಬಳೇ ರೈಲು ಬದಲಿಸಿ ಸೊರೆಂಟೊ ವ್ಯಾಲಿ ಸ್ಟೇಷನ್ನಿನಲ್ಲಿ ಇಳಿದು ಕ್ಲಿನಿಕ್ಕಿಗೆ ಬಂದಳು. ಕನ್ನಡ ಅರ್ಥವಾಗುತ್ತಿದ್ದರೂ ಅವಳ ಮಾತೆಲ್ಲ ಇಂಗ್ಲಿಷಿನಲ್ಲೇ. ಮಂಡಿ ಪೂರ್ತಿ ಕೆಟ್ಟಿದೆ, ಇನ್ನು ಯಾವತ್ತೂ ಆಡುವ ಹಾಗಿಲ್ಲ ಎಂದು ಅಪ್ಪನಿಗೆ ಹೇಳಿಬಿಡಿ ಎಂದು ಬೇಡಿಕೊಂಡಳು. ಬೀಳುವುದಕ್ಕೂ ಎಷ್ಟೋ ಮುಂಚೆಯೇ ಆಟ ಅವಳಿಗೆ ಬೇಡವಾಗಿತ್ತಂತೆ.

ಊರ್ಮಿಳಾಗೆ ಕನಿಕರ ಬರಬೇಕಿತ್ತು. ಬಂದದ್ದು ತಾತ್ಸಾರ. ಅಪ್ಪನೂ ಸುಳ್ಳು ಹೇಳಿ ಅನ್ನುತ್ತಾನೆ, ಮಗಳೂ ಸುಳ್ಳು ಹೇಳಿ ಅನ್ನುತ್ತಾಳೆ. ನೂಲಿನಂತೆ ಸೀರೆ.

"ನಿನ್ನ ಮಂಡಿ ಚೆನ್ನಾಗಿ ಕೂಡ್ತಾ ಇದೆ. ಇನ್ನು ನಾಲ್ಕು ತಿಂಗಳಿಗೆ ಆಡಬಹುದು. ಕೇಳಿದ್ರೆ ನಾನು ಅದನ್ನೇ ಹೇಳೋದು. ಆಡಲ್ಲ ಅನ್ನೋದನ್ನ ಮಂಡಿ ಕೈಲಿ ಯಾಕೆ ಹೇಳಿಸ್ತೀಯ? ನಿನಗೆ ಬಾಯಿಲ್ವಾ?"

ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. ಊರ್ಮಿಳಾ ಟಿಶ್ಯೂ ಡಬ್ಬಿಯನ್ನು ಅವಳ ಕಡೆ ತಳ್ಳಿದಳು. "ನಿಮ್ಮಪ್ಪನ್ನ ಕರೆಸ್ಲಾ?" ಹುಡುಗಿ ಕಣ್ಣೊರೆಸಿಕೊಂಡು ಹೂಂ ಎಂದಳು.

ಟ್ರಾಫಿಕ್ಕಿನಲ್ಲಿ ಬೆಂದು ಬಂದ ಶಿವರುದ್ರಪ್ಪನ ಎದುರಿಗೇ ಊರ್ಮಿಳಾ ಅವಳನ್ನು ಒಂಟಿಕಾಲಲ್ಲಿ ಮೆಲ್ಲಗೆ ಹಾರಿಸಿದಳು. ಬಲಗಾಲು ಗಟ್ಟಿಯಾಗಿ ಊರಿತು. ಎಡಗಾಲು ಊರಿದಾಗ ಮಂಡಿ ನಡುಗಿ ಒಳಕ್ಕೆ ವಾಲಿತು.

"ನೋಡಿದ್ರಾ? ಹೀಗೆ ವಾಲಿದಾಗ್ಲೇ ಮತ್ತೆ ಹರಿಯೋದು."

"ಪ್ರಾಕ್ಟೀಸ್ ಮಾಡಿದ್ರ ಎಲ್ಲಾ ಸರಿ ಹೊಂದತದ್ರೀ."

"ಅಪ್ಪಾ, ನಾ ಆಡಂಗಿಲ್ಲ."

ವೈಷ್ಣವಿ ಹೇಳಿದ್ದು ಕನ್ನಡದಲ್ಲಿ, ಅದೂ ಅವನದೇ ಗದಗಿನ ಕನ್ನಡದಲ್ಲಿ. ಗೋಡೆ ಹಿಡಿದು ನಿಂತಿದ್ದಳು. "ಕಾಲು ಆರಾಮಾದ್ರೂ ಆಡಂಗಿಲ್ಲ. ನಂಗ ಬ್ಯಾಡ."

ಶಿವರುದ್ರಪ್ಪ ಮಗಳ ಮುಖ ನೋಡಲಿಲ್ಲ, ಡಾಕ್ಟರ ಕಡೆ ತಿರುಗಿದ. "ಹುಡುಗಿ ತಲಿ ಕೆಡಿಸಿಬಿಟ್ರಿ ನೀವು!"

"ನಾನು ಮಂಡಿ ಡಾಕ್ಟರು. ತಲೆ ನನ್ನ ಡಿಪಾರ್ಟ್‌ಮೆಂಟ್ ಅಲ್ಲ," ಎಂದು ಊರ್ಮಿಳಾ ಬಾಗಿಲು ತೆರೆದಳು.

ಈ ಡಾಕ್ಟರಿಗೆ ವಿಪರೀತ ಸೊಕ್ಕು ಎಂದು ಅವನು ಇಂಟರ್‌ನೆಟ್ಟಿನಲ್ಲಿ ಬರೆದ. ಸುಳ್ಳಲ್ಲವಾದ್ದರಿಂದ ಅವಳು ತಲೆಕೆಡಿಸಿಕೊಳ್ಳಲಿಲ್ಲ. ಮಗಳನ್ನು ಮಾತ್ರ ಅವನು ಮೈದಾನಕ್ಕೆ ಇಳಿಸಲಿಲ್ಲ. ಎಷ್ಟೋ ದಿನ ಅವಳ ಹತ್ತಿರ ಮಾತೇ ಆಡಲಿಲ್ಲವಂತೆ.

ಕೊನೆಯ ತಪಾಸಣೆಗೆ ಹುಡುಗಿ ತಾಯಿ ದ್ರಾಕ್ಷಾಯಣಿಯ ಜೊತೆ ಬಂದಳು. ಎಡಗಾಲು ಬಲಗಾಲಿಗೆ ಸಮನಾಗಿ ಹಾರಿತು. ಚಿಕ್ಕ ಮಕ್ಕಳ ಮ್ಯಾಚಿಗೆ ರೆಫರಿಯಾಗಲು ಟ್ರೇನಿಂಗ್ ತೆಗೆದುಕೊಂಡಿದ್ದೇನೆ, ಕೂಗಾಡುವ ಅಪ್ಪಂದಿರನ್ನು ಸೀದಾ ಪಾರ್ಕಿಂಗ್ ಲಾಟಿಗೆ ಕಳಿಸುತ್ತೇನೆ ಎಂದಳು. ಊರ್ಮಿಳಾ ಬಾಯ್ತುಂಬ ನಕ್ಕಳು.

"ಅವರು ಕಾರಿನಾಗ ಕುಂತಾರ್ರೀ. ಒಳಗ ಬರಂಗಿಲ್ಲ ಅಂದ್ರು," ಎಂದರು ದ್ರಾಕ್ಷಾಯಣಿ ಸಂಕೋಚದಿಂದ.

ತಾಯಿ ಮಗಳು ಹೊರಟ ಮೇಲೆ ಊರ್ಮಿಳಾ ಕಿಟಕಿಯಲ್ಲಿ ನೋಡಿದಳು. ಶಿವರುದ್ರಪ್ಪ ಇಳಿದು ಬಂದು, ಮಗಳು ಕಾಲು ಚಾಚಿ ಕೂರಲೆಂದು ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿದ. ಕಾಲು ಪೂರ್ತಿ ವಾಸಿಯಾದ ಮೇಲೆ ಇದೊಂದು ನಾಟಕ ಎನ್ನಿಸಿತು ಅವಳಿಗೆ. ಮೂತಿ ತಿರುಗಿಸಿ ಮುಂದಿನ ಪೇಷೆಂಟನ್ನು ಕರೆದಳು.